ಬೂಟು ಕಳಚಿದ ಮೆಂಬರು

ದುಬೈನ ಈ ಫ್ಲ್ಯಾಟಿನಲ್ಲಿ ಆಫೀಸಿನ ಬೂಟಿಗೆ ಪಾಲಿಶ್ ಹಚ್ಚುವಾಗಲೆಲ್ಲ ಆ ವಾಸನೆಗೆ ಒಂದು ಮಧ್ಯಾಹ್ನ ನೆನಪಾಗುತ್ತದೆ.

ಆಗ ನಾವು ಅಬುಧಾಬಿಯ ಖಾಲಿದಿಯಾದಲ್ಲಿದ್ದೆವು; ನನಗೆ ಒಂಬತ್ತು ವರ್ಷ. ನೂರು ವರ್ಷದ ಹಿಂದೆ ಇಂಗ್ಲೆಂಡಿನಲ್ಲಿ ಹೊಲ ಉಳುತ್ತಿದ್ದು, ಆಮೇಲೆ ಪಾರ್ಲಿಮೆಂಟಿಗೆ ಆರಿಸಿಬಂದ ರೈತನೊಬ್ಬನ ವೇಷ ಹಾಕಿ ನಾನು ಶಾಲೆಯಲ್ಲಿ ಮಾತಾಡಬೇಕಿತ್ತು. ಮಂಡ್ಯದಿಂದ ಬಂದಿದ್ದ ತಾತ ನೋಡಲು ಕೂತಿದ್ದರು. ಅವರೂ ಕಬ್ಬು ಬೆಳೆಯುತ್ತಲೇ ಪಂಚಾಯ್ತಿ ಮೆಂಬರಾದವರು.

ಹೆಸರು ಕರೆದರು. ಮನೆಯ ಅಭ್ಯಾಸ, ವೇಷಕ್ಕೆಂದು ಪಾಲಿಶ್ ಹಚ್ಚಿ ಹಾಕಿದ್ದ ಅಪ್ಪನ ದೊಡ್ಡ ಬೂಟನ್ನು ವೇದಿಕೆಯ ಮೆಟ್ಟಿಲ ಬಳಿ ಕಳಚಿಟ್ಟು ಹತ್ತಿಬಿಟ್ಟೆ. ತೂತಾದ ಕಾಲುಚೀಲದಿಂದ ಹೆಬ್ಬೆರಳು ಇಣುಕುತ್ತಿತ್ತು. ಎಲ್ಲರೂ ನಕ್ಕರು. ಕಲಿತಿದ್ದೆಲ್ಲ ಮರೆತುಹೋಯಿತು.

"ಪಾರ್ಲಿಮೆಂಟಿಗೆ ಬೂಟಿಲ್ಲದೆ ಹೋಗ್ತಿದ್ರಾ?" ಟೀಚರ್ ಇಂಗ್ಲಿಷಿನಲ್ಲಿ ಮೆಲ್ಲಗೆ ಕೇಳಿದರು.

"ನಮ್ಮ ತಾತ ಪಂಚಾಯ್ತಿಗೆ ಹಾಗೇ ಹೋಗೋದು," ನಾನೂ ಇಂಗ್ಲಿಷಿನಲ್ಲೇ ಹೇಳಿದೆ. "ಹೊಲದ ಮಣ್ಣು ಒಳಗೆ ಬರಬಾರದಲ್ಲ."

ಟೀಚರ್ ಚಪ್ಪಾಳೆ ತಟ್ಟಿದರು. ಮಿಕ್ಕ ಮಾತು ತಾನಾಗಿಯೇ ಬಂತು.

ಕೆಳಗಿಳಿದಾಗ ತಾತ ನನ್ನ ಬೂಟು ಹಿಡಿದು ಬರಿಗಾಲಲ್ಲಿ ನಿಂತಿದ್ದರು. ಸಭಾಂಗಣದ ಬಾಗಿಲ ಹೊರಗೆ ಒಂದೇ ಒಂದು ಜೊತೆ ಚಪ್ಪಲಿ ಇತ್ತು.

"ನಾನೊಬ್ನೇ ಬಿಟ್ಟು ಬಂದ್ನಲ್ಲ ಅಂತ ಆಗ್ಲಿಂದ ಕಾಲು ಮುದುರ್ಕಂಡು ಕೂತಿದ್ದೆ ಕಣವ್ವಾ," ಎಂದರು ತಾತ. "ನಿನ್ನ ನೋಡಿದ್ಮೇಲೆ ಚಾಚ್ಕಂಡೆ."