ಹೊರಗಿನ ಎಸಳು

ಗಂಡ ಚಾಚಿದ ಗುಲಾಬಿಯನ್ನು ತೆಗೆದುಕೊಳ್ಳುವ ಮೊದಲೇ ಅವಳು ಅದರ ತೊಟ್ಟನ್ನು ನೋಡಿದಳು. ಸುತ್ತಿದ ಪ್ಲಾಸ್ಟಿಕ್ ಹಾಳೆಯಿಲ್ಲ, ರಿಬ್ಬನ್ ಇಲ್ಲ. ಪ್ರೇಮಿಗಳ ದಿನದ ಈ ವಾರದಲ್ಲಿ ಅವಳು ಕೆಲಸಕ್ಕಿದ್ದ ಹೂವಿನಂಗಡಿಯಿಂದ ಒಂದು ಮೊಗ್ಗೂ ಹೀಗೆ ಬೋಳಾಗಿ ಹೊರಬಿದ್ದಿರಲಿಲ್ಲ.

"ಹನ್ನೊಂದು ವರ್ಷದಲ್ಲಿ ಇಲ್ಲದ್ದು ಇವತ್ತೇನು? ಯಾರಿಗೆ ತಂದಿದ್ರಿ? ಅವಳು ಬೇಡ ಅಂದ್ಳಾ?"

"ಒಳ್ಳೇ ಕಥೆ! ಹೂ ಕೊಟ್ರೆ ಪೊಲೀಸಿನವರ ಥರ ವಿಚಾರಿಸ್ತೀಯಲ್ಲೇ," ಎಂದು ಅವನು ನಕ್ಕ. ಬಸ್ ಓಡಿಸಿ ಬಂದ ಖಾಕಿ ಅಂಗಿಯನ್ನು ಇನ್ನೂ ಬಿಚ್ಚಿರಲಿಲ್ಲ. ಆ ನಗು ಅವಳಿಗೆ ಹಿಡಿಸಲಿಲ್ಲ. ಅಂಗಡಿಯಲ್ಲಿ ಮೊನ್ನೆಯ ಹೂವಿನ ಕಂದಿದ ಹೊರ ಎಸಳು ಕಿತ್ತು, ನೀರು ಚಿಮುಕಿಸಿ, 'ಇವತ್ತಿಂದೇ ಸಾರ್' ಎಂದು ನಾಲ್ಕು ಪಟ್ಟು ಬೆಲೆಗೆ ಮಾರುವಾಗ ಅವಳೂ ಹೀಗೆಯೇ ನಗುತ್ತಿದ್ದಳು.

ಹೆಬ್ಬೆರಳು ತಾನಾಗಿ ಹೂವಿನತ್ತ ಹೋಯಿತು. ಹಸಿರು ಗೆರೆಯ, ಹುಳು ಕಚ್ಚಿದ ಹೊರ ಎಸಳನ್ನು ಕಿತ್ತಳು. ಅದರ ಕೆಳಗೆ ಹಳೇ ಹೂವಿನ ಕಪ್ಪು ಕಲೆ ಇರಲಿಲ್ಲ. ಇನ್ನೊಂದನ್ನು ಕಿತ್ತಳು. ಅಲ್ಲೂ ಇರಲಿಲ್ಲ. ಮೂರನೆಯದಕ್ಕೆ ಕೈ ಹಾಕುವಷ್ಟರಲ್ಲಿ ಅವನ ಮುಖದಲ್ಲಿ ನಗು ಉಳಿದಿರಲಿಲ್ಲ.

"ಸಾಕು ಬಿಡೇ. ಅಂಗಡಿ ಹೂ ಕಂಡ್ರೆ ವಾಕರಿಕೆ ಬರುತ್ತೆ ಅಂತಿದ್ಯಲ್ಲ, ಅದಕ್ಕೆ ಡಿಪೋ ಹಿಂದೆ ಡಬ್ಬದಲ್ಲಿ ಗಿಡ ಹಾಕಿದ್ದೆ. ಎಂಟು ತಿಂಗಳಿಗೆ ಬಿಟ್ಟಿದ್ದು ಇದೊಂದೇ ಕಣೇ."

ಅವಳ ಬೆರಳು ಅಲ್ಲೇ ನಿಂತಿತು. ಕಿತ್ತ ಎರಡು ಎಸಳನ್ನು ಅವನಿಗೆ ಕಾಣದಂತೆ ಮುಷ್ಟಿಯಲ್ಲಿ ಮುಚ್ಚಿಕೊಂಡಳು.