ಪೂರ್ತಿ ಪರವಾನಗಿ

“ಅರ್ಧ ಪರವಾನಗಿ ನಿಮ್ಮ ಹತ್ರಾನೇ ಇರಲಿ,” ಎಂದಳು ಅತ್ತೆ, ಬೆನ್ನಿಗೆ ಸಿಲಿಂಡರ್ ಬಿಗಿದುಕೊಳ್ಳುತ್ತ. “ನನಗೆ ಪೂರ್ತೀದು ಬೇಕು.”

ತೆಪ್ಪದ ಮೇಲೆ ನಿಂತಿದ್ದ ಪರೀಕ್ಷಕರು ನಿಟ್ಟುಸಿರಿಟ್ಟರು. ಹಳೆಯ ಕಲ್ಲುಗಣಿಯಲ್ಲಿ ನಿಂತ ನೀರು, ಮೈ ಕೊರೆಯುವ ಚಳಿ, ಎದುರಿಗೆ ಐವತ್ತನಾಲ್ಕರ ಹೆಂಗಸು. ಡೈವಿಂಗ್ ಕಲಿಸಿದವನು ಅವಳ ಅಳಿಯನೇ. ಅತ್ತೆಯನ್ನು ನೀರಿಗೆ ನೂಕಲು ಇದಕ್ಕಿಂತ ಒಳ್ಳೆ ನೆಪ ಸಿಗುವುದೇ ಎಂದು ನೆಂಟರು ನಕ್ಕಿದ್ದೂ ಆಗಿತ್ತು. ಮೂರು ಚಳಿಗಾಲ ಕಲಿತ ಆಕೆ ಅವರಿಗೆ ಸೊಪ್ಪು ಹಾಕಿರಲಿಲ್ಲ.

“ಹಟ ಬೇಡಮ್ಮಾ. ಇಬ್ಬರು ಜೊತೆಗಿದ್ರೆ ಮುಳುಗಬಹುದು ಅಂತ ಬರೆದುಕೊಡ್ತೀನಿ. ಪೂರ್ತಿ ಪರವಾನಗಿ ಅಂದ್ರೆ ಜೊತೆಗಾರನ ಜೀವಕ್ಕೆ ನೀವೇ ಹೊಣೆ. ಕೆಳಗೆ ಅವನಿಗೇನಾದ್ರೂ ಆದ್ರೆ?”

“ಆದಾಗ ನೋಡ್ಕೊಳ್ಳೋಣ.”

“ನೀರಿಗೆ ಇಳಿಬಿಟ್ಟಿರೋ ಈ ಹಗ್ಗಕ್ಕೆ ಗಂಟು ಬೇರೆ ಯಾಕೆ?”

“ಮೂರು ಮೀಟರಿಗೊಂದು. ನಾನೇ ಹಾಕಿದ್ದು.”

“ಆಳ ತಿಳಿಯೋಕೆ ಮಿಕ್ಕವರೆಲ್ಲ ಕೈಲಿರೋ ಮೀಟರ್ ನೋಡ್ತಾರೆ.”

“ಮೀಟರ್ ಕೆಡುತ್ತೆ. ಗಂಟು ಕೆಡಲ್ಲ.”

ಪರೀಕ್ಷಕರಿಗೆ ರೇಗಿತು. ಸಿಲಿಂಡರಿನ ಗಾಳಿಯನ್ನು ಅಳತೆಯಲ್ಲಿ ಬಾಯಿಗೆ ಬಿಡುವ ತಮ್ಮ ರೆಗ್ಯುಲೇಟರನ್ನು ಎತ್ತಿ ಹಿಡಿದು ಪಾಠ ಶುರು ಮಾಡಿದರು. ಗುಂಡಿ ಒತ್ತಿ ಗಾಳಿ ಬಿಟ್ಟರು. ಮತ್ತೆ ಒತ್ತಿದರು.

“ಸಾರ್, ಈ ಚಳೀಲಿ ಹಾಗೆ ಒತ್ತಬೇಡಿ,” ಎಂದ ಅಳಿಯ. “ಒಳಗೆ ಐಸ್ ಕಟ್ಟುತ್ತೆ.”

“ನೀನು ಹುಟ್ಟೋಕೆ ಮುಂಚೆಯಿಂದ ಮುಳುಗ್ತಿದೀನಿ ನಾನು,” ಎಂದು ಮತ್ತೆರಡು ಸಲ ಒತ್ತಿದರು.

ಅತ್ತೆ, ಪರೀಕ್ಷಕರು ಇಬ್ಬರೂ ನೀರಿಗಿಳಿದರು. ಅತ್ತೆಯ ಒಂದು ಕೈ ಹಗ್ಗದ ಮೇಲೆ. ಅವಳ ಮೊಣಕೈಯನ್ನು ಪರೀಕ್ಷಕರು ಹಿಡಿದೇ ಇದ್ದರು, ಬಿಟ್ಟರೆ ಎಲ್ಲಿ ಹೋದಾಳೋ ಎಂಬಂತೆ.

ಐದನೇ ಗಂಟಿನ ಬಳಿ ಭುಸ್ಸೆಂದು ಸದ್ದು ಎದ್ದಿತು. ಐಸ್ ಕಟ್ಟಿದ ರೆಗ್ಯುಲೇಟರ್ ಮುಚ್ಚದೆ ಸಿಲಿಂಡರಿನ ಗಾಳಿಯನ್ನೆಲ್ಲ ಕಕ್ಕುತ್ತಿತ್ತು. ಪರೀಕ್ಷಕರ ಮುಖದ ಸುತ್ತ ಬರೀ ನೊರೆ. ಅವರು ಮೊಣಕೈ ಬಿಟ್ಟು, ಉಸಿರು ಬಿಗಿಹಿಡಿದು, ಮೇಲಕ್ಕೆ ಚಿಮ್ಮಿದರು. ಹಾಗೆ ಚಿಮ್ಮಿದರೆ ಶ್ವಾಸಕೋಶ ಹರಿಯುತ್ತದೆ. ಇದು ಅವರೇ ಕಲಿಸುವ ಮೊದಲ ದಿನದ ಪಾಠ.

ಕೈಗೆ ತಗುಲಿದ ಅವರ ಸಿಲಿಂಡರಿನ ಪಟ್ಟಿಯನ್ನು ಅತ್ತೆ ಹಿಡಿದೆಳೆದಳು. ಭಯಕ್ಕಿಂತ ಸಿಟ್ಟೇ ಹೆಚ್ಚಾಗಿತ್ತು ಅವಳಿಗೆ. ಈ ಮನುಷ್ಯ ಸತ್ತರೆ ಪರವಾನಗಿಯೂ ಹೋಯಿತು, ಅಪವಾದವೂ ಬಂತು. ಅವರು ಒದ್ದರು. ಅವಳು ಬಿಡಲಿಲ್ಲ. ಗದ್ದ ತಡವಿ, ಕಕ್ಕುತ್ತಿದ್ದುದನ್ನು ಬಾಯಿಂದ ಕಿತ್ತು, ತನ್ನ ಎದೆಯ ಮೇಲಿದ್ದ ಎರಡನೇ ರೆಗ್ಯುಲೇಟರನ್ನು ತುರುಕಿದಳು. ಅವರು ಉಸಿರೆಳೆದರು. ಆಮೇಲೆ ಅವರ ಬೆನ್ನ ಹಿಂದೆ ಕೈಹಾಕಿ ಸಿಲಿಂಡರಿನ ಕವಾಟ ತಿರುಗಿಸಿ ಮುಚ್ಚಿದಳು. ಸದ್ದು ನಿಂತಿತು.

ಗಂಟಿನಿಂದ ಗಂಟಿಗೆ ಇಪ್ಪತ್ತು ಎಣಿಸುತ್ತ ಮೇಲೆ ಕರೆತಂದಳು. ಅವರು ಅವಸರಪಟ್ಟಾಗಲೆಲ್ಲ ಪಟ್ಟಿ ಜಗ್ಗಿದಳು.

ತೆಪ್ಪದ ಮೇಲೆ ಪರೀಕ್ಷಕರು ಬಹಳ ಹೊತ್ತು ಕೆಮ್ಮಿದರು. ಆಮೇಲೆ ಕೇಳದೆಯೇ ಕಾಗದ ತೆಗೆದು, ಷರತ್ತಿನ ಸಾಲು ಹೊಡೆದುಹಾಕಿ, ಸಹಿ ಮಾಡಿದರು. “ಪೂರ್ತೀದೇ ಕೊಟ್ಟಿದೀನಮ್ಮಾ,” ಎಂದರು. “ಆ ನೊರೆಯಲ್ಲಿ ನನಗೆ ಏನೂ ಕಾಣ್ತಿರಲಿಲ್ಲ. ಕೈಕಾಲೇ ಆಡಲಿಲ್ಲ.”

“ಒಂದು ನಿಮಿಷಕ್ಕೇ ಹಾಗಾದ್ರೆ ಹೇಗೆ ಸ್ವಾಮಿ?” ಎಂದಳು ಅತ್ತೆ. “ನನಗೆ ಕಣ್ಣು ಹೋಗಿ ನಲವತ್ತೆರಡು ವರ್ಷ ಆಯ್ತು.”