ಬಂದರಿನ ಪೈಲಟ್

“ಈಗ, ಎಡಕ್ಕೆ!” ಎಂದ ಆಲ್ಸ್ಟನ್, ಡೆಕ್ಕಿನ ಕಂಬಿಯನ್ನು ಬಿಗಿಹಿಡಿದು. ಹಡಗು ತಿರುಗಲಿಲ್ಲ. ಗ್ರೆನಡಾ ಬಂದರಿನ ಚರ್ಚಿನ ಗೋಪುರ ಕೋಟೆಯ ಬಾವುಟದ ಕಂಬದ ನೇರಕ್ಕೆ ಬಂದೊಡನೆ ತಿರುಗಬೇಕು. ಹಡಗುಗಳಿಗೆ ದಾರಿ ತೋರಿಸುವ ಬಂದರಿನ ಪೈಲಟ್ ಆಗಿ ಮೂವತ್ತು ವರ್ಷ ಅವನು ಅವುಗಳನ್ನು ಒಳಗೆ ತಂದದ್ದೇ ಹಾಗೆ. ಇವತ್ತು ಆ ಕೆಲಸ ಮಗಳು ಜೆನೆಲ್‌ಳದು. ಈಗಷ್ಟೇ ಬಂದರಿನ ದೋಣಿಯಲ್ಲಿ ಬಂದು, ಹಗ್ಗದ ಏಣಿ ಹತ್ತಿ, ಕಪ್ತಾನನ ಪಕ್ಕಕ್ಕೆ ಹೋಗಿ ನಿಂತಿದ್ದಳು.

“ತಡ ಮಾಡಿದ್ಲು ಕಣೇ, ಕೆಡಿಸಿದ್ಲು!”

“ಮದುವೆಯಾಗಿ ನಲವತ್ತು ವರ್ಷಕ್ಕೆ ಹಡಗಲ್ಲಿ ಮಜಾ ಮಾಡೋಕೆ ಬಂದಿದೀವಿ. ತೆಪ್ಪಗೆ ರಮ್ ಕುಡಿ,” ಎಂದಳು ಹೆಂಡತಿ ವರ್ಲಿನ್. ಅವಳ ಕಣ್ಣೂ ಬಂದರಿನ ಬಾಯಲ್ಲಿದ್ದ ಬಂಡೆಯ ಮೇಲೇ ಇತ್ತು.

ಅಷ್ಟರಲ್ಲಿ ಗುಡ್ಡದ ಕಡೆಯಿಂದ ರಭಸವಾಗಿ ಬೀಸಿದ ಗಾಳಿ ಅವನ ಟೋಪಿಯನ್ನು ಹಾರಿಸಿಕೊಂಡು ಹೋಯಿತು. ಅವನು ಹೇಳಿದಾಗಲೇ ತಿರುಗಿದ್ದರೆ, ಅದೇ ಗಾಳಿ ಹಡಗಿನ ಪಕ್ಕೆಗೆ ಬಡಿದು ಬಂಡೆಯ ಕಡೆಗೆ ತಳ್ಳುತ್ತಿತ್ತು. ಗಾಳಿ ತಗ್ಗಿತು. ಆಗ ಹಡಗು ಬೆಣ್ಣೆಯಲ್ಲಿ ಕೂದಲು ತೆಗೆದಂತೆ ತಿರುಗಿತು.

“ಈ ಬಂದರಿನ ಪೈಲಟ್ ಅಂತ ವಾರದಿಂದ ಎಲ್ಲರಿಗೂ ಹೇಳ್ಕೊಂಡು ಓಡಾಡ್ತಿದ್ದೋರು ನೀವೇ ಅಲ್ವಾ?” ಎಂದ ಪಕ್ಕದಲ್ಲಿದ್ದ ಪ್ರವಾಸಿ.

ಆಲ್ಸ್ಟನ್ ಬೋಳುತಲೆ ಸವರಿಕೊಂಡು, ಎದೆ ಸೆಟೆಸಿ ನಿಂತ.

“ಅಲ್ಲಪ್ಪ. ನಾನು ಪೈಲಟ್ ಅವರ ಅಪ್ಪ.”